ಮಗ್ಗದ ತಗ್ಗಿನ್ಯಾಗ ಕೋಳಿ ಗೂಡು

ನಾ ಹೇಳೂದನ್ನ ನೀವು ನಂಬಂಗಿಲ್ಲ, ಮೊದ್ಲ ಹೇಳಿಬಿಡ್ತೇನಿ. ನನ್ನ ಗೆಳ್ಯಾರೂ ನಂಬಿಲ್ಲ. ನಾ ಏನರ ಹೇಳಿದ್ರ ಅದ್ರಾಗ ಅರ್ಧಾ ಕಳದು, ಉಳದಿದ್ದನ್ನ ಮತ್ತ ಅರ್ಧಾ ಮಾಡಿ ಕೇಳೂದು ಅವ್ರ ರೂಢಿ. ನೀವೂ ಹಂಗ ಕೇಳ್ರಿ. ಎಷ್ಟ ಕಳದ್ರೂ ಕಡೀಕ ಒಂದು ತಗ್ಗು, ತಗ್ಗಿನ್ಯಾಗ ನಮ್ಮ ಆಯಿ, ಆಯಿ ಸುತ್ತ ಮೂರು ಕೋಳಿ ಉಳೀತಾವ. ಅಷ್ಟಂತೂ ಖರೆ.

ಆಯಿ ಅಂದ್ರ ನಮ್ಮ ಅವ್ವನ ತಾಯಿ. ಇಳಕಲ್‌ನ್ಯಾಗ ಒಬ್ಬಾಕೀನ ಇರ್ತಾಳ. ನಲವತ್ತು ವರ್ಷ ಮಗ್ಗದಾಗ ಕುಂತು ಸೀರಿ ನೇದಾಕಿ. ಎಡಗಾಲಿನ ಮೊಣಕಾಲು ಹೋತಂತ ಮಗ್ಗಾ ಬಿಚ್ಚಿಟ್ಟಳು. ಹೋದ ಚಳಿಗಾಲಕ್ಕ ಬಾಗಲಕೋಟ್ಯಾಗ ಆಪರೇಷನ್ ಮಾಡಿಸಿ ಹೊಸಾ ಮೊಣಕಾಲು ಹಾಕಿಸೇವಿ. ಆಯಿ ಅದಕ್ಕ ಸ್ಟೀಲಿನ ಕಾಲು ಅಂತಾಳ. ಮನಿಗೆ ಯಾರರ ಬಂದ್ರ ಬಳಿ ತಗದು ಮೊಣಕಾಲಿಗೆ ಕುಟ್ಟಿ ತೋರಸ್ತಾಳ, ಠಣ್ ಅಂತ ಸಪ್ಪಳ ಬರೂದಿಲ್ಲ ಅಂತ ಬ್ಯಾಸರಾ ಮಾಡ್ಕೊತಾಳ. ಡಾಕ್ಟರ್ ಎರಡ ಮಾತು ಹೇಳಿದ್ರು. ಬಗ್ಗಬಾರ್ದು. ನೆಲಕ್ಕ ಕುಂದ್ರಬಾರ್ದು. ಖುರ್ಚಿ ಮ್ಯಾಲ ಕುಂತಂಗ ಕಾಲು ಕೆಳಗ ಬಿಟ್ಟು ಕುಂತ್ರ ಅಡ್ಡಿಲ್ಲ.

ಕೋಳಿ ನಮ್ಮವಲ್ಲ. ಬಾಜೂ ಮನಿ ಅಕ್ಕ ಗಂಡನ ಜೋಡಿ ಗೋವಾಕ್ಕ ದುಡ್ಯಾಕ ಹೋಗುಮುಂದ ಬುಟ್ಯಾಗ ಮೂರು ಕೋಳಿ ತಂದು, "ಆಯೀ, ಪಂಚಮಿಗೆ ಬಂದು ಒಯ್ತೇನಿ, ಅಲ್ಲೀ ಮಟಾ ನೋಡ್ಕೋರಿ" ಅಂದ್ಲಂತ. ಆಯಿ ಹೂಂ ಅಂದಾಳ. ನಮ್ಮದು ಲಿಂಗಾ ಕಟ್ಟಿಗೊಂಡ ಮನಿ. ತತ್ತಿ ತಿನ್ನೂದು ದೂರ ಉಳೀತು, ತತ್ತಿ ಅನ್ನೂ ಮಾತು ಬಂದ್ರ ಆಯಿ ಅಡಗಿ ಮನಿ ಬಾಗಲಾ ಹಾಕಿ ಆಮ್ಯಾಲ ಮಾತಾಡ್ತಾಳ. ಇಂಥಾಕಿ ದಿನಾ ಮುಂಜಾನೆ ಕೈಗೆ ಸೆರಗು ಸುತ್ಗೊಂಡು ತತ್ತಿ ಎತ್ತಿ ಓಣಿ ಹುಡುಗ್ರಿಗೆ ಹಂಚಿ, ಕೈ ತೊಳ್ಕೊಂಡು, ಇಬತ್ತಿ ಹಚ್ಗೊಂಡು ಪೂಜಾಕ್ಕ ಕುಂದ್ರತಾಳ. ಯಾಕ ಆಯೀ ಅಂದ್ರ, "ಹೂಂ ಅಂದೇನಲ್ಲೋ" ಅಂತಾಳ. ಅಷ್ಟ ಉತ್ತರ.

ತ್ರಾಸ ಎಲ್ಲಿಂದ ಸುರು ಆತಂದ್ರ, ಹಳೇ ಗೂಡು ಕಲ್ಲು ಒಟ್ಟಿ ಮಾಡಿದ್ದು, ಮೊಣಕಾಲ ಎತ್ತರಾನೂ ಇರ್ಲಿಲ್ಲ. ತತ್ತಿ ಬೇಕಂದ್ರ ಮನುಷ್ಯಾ ಹೊಟ್ಟಿ ಮ್ಯಾಲ ಮಲಗಿ ಕೈ ಒಳಗ ಹಾಕಬೇಕು. ಒಂದಿನ ಅವ್ವ ಹೇಳಲಾರ್ದ ಬಾಗಲಕೋಟ್ಲಿಂದ ಬಂದ್ಲು. ಬಂದು ನೋಡ್ತಾಳ, ಹಿತ್ತಲದಾಗ ಆಯಿ ಬೋರಲ ಬಿದ್ದಾಳ, ತಲಿ ಗೂಡಿನ ಒಳಗ. ಅವ್ವ ದವಾಖಾನ್ಯಾಗ ಸಿಸ್ಟರ್. ಬಿದ್ದವ್ರನ್ನ ನೋಡೂದು ಅಕಿಗೇನು ಹೊಸಾದಲ್ಲ. ಆದ್ರ ತಾಯಿ ಕಾಲು ಅಷ್ಟ ಕಾಣೂದನ್ನ ನೋಡಿ ಎದಿ ಹಿಡ್ಕೊಂಡು ಅಲ್ಲೇ ಕುಂತಳು. ಆಯಿ ಒಳಗಿಂದನ "ಯಾರವ್ವಾ?" ಅಂತ ಕೇಳ್ಯಾಳ.

ಅವತ್ತ ತೀರ್ಪು ಬಿತ್ತು. ಶಿರೂರಾಗ ಅವ್ವನ ಜೋಡಿ ಡ್ಯೂಟಿ ಮಾಡೂ ಸಿಸ್ಟರ್ ಬಾಯಿ ಒಬ್ಬಾಕಿ ಅದಾಳ, ಕೋಳಿ ಅವ್ರ ಮನಿಗೆ. ಆಯಿ ಮಾರಿ ಸಣ್ಣದಾತು. "ಅವ್ರು ಸಾಕತಾರೇನು?" ಅಂದ್ಲು. ಅವ್ವ ಕೋಳಿ ಬುಟ್ಟಿ ಹುಡಕಾಕ ಹತ್ತಿದ್ಲು. ಶಿರೂರಿನ ಮನ್ಯಾಗ ಕೋಳಿಗೆ ಏನ್ ಮಾಡ್ತಾರಂತ ಮೂರೂ ಕೋಳಿಗೆ ಗೊತ್ತಾದಂಗ ಕಾಣ್ತು, ಹಿಂದಕ ಸರದ್ವು.

ಆವಾಗ ನಾ ಬಾಯಿ ಹಾಕಿದ್ನಿ. ಹತ್ತನೇತ್ತಾ ಪರೀಕ್ಷಾ ಬರದು, ಸೂಟ್ಯಾಗ ಆಯಿ ನೋಡ್ಕೊಳ್ಳಾಕ ಅವತ್ತ ನಾನೂ ಅವ್ವನ ಬೆನ್ನಹತ್ತಿ ಬಂದಿದ್ನಿ. ನನ್ನ ಫೋನು ರಿಸಲ್ಟ್ ಬರೂ ಮಟಾ ಅವ್ವ ಬಾಗಲಕೋಟಿ ಮನಿ ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿದ್ಲು, ಹಿಂಗಾಗಿ ನನ್ನ ಬುದ್ಧಿಗೆ ಬ್ಯಾರೆ ಕೆಲಸಾ ಇರ್ಲಿಲ್ಲ.

"ಅವ್ವಾ, ಬಗ್ಗಲಾರ್ದ ಹೋಗೂ ಅಂಥಾ ಗೂಡು ನಾ ಮಾಡ್ತೇನಿ," ಅಂದ್ನಿ.

"ನೀ?"

"ನಾ."

"ಸೈಕಲ್ ಸ್ಟ್ಯಾಂಡ್ ರಿಪೇರಿ ಮಾಡ್ತೇನಂದಿ, ಈಗ ಸೈಕಲ್ಲ ಇಲ್ಲ."

ಆಯಿ ನಡುವ ಬಂದು, "ಒಂದ ವಾರ ಕೊಡು ಹುಡುಗ್ಗ," ಅಂದ್ಲು. ಅವ್ವ ತಾಯಿ ಮಾರಿ ನೋಡಿ ಒಪ್ಪಿದ್ಲು. ಬರೂ ಐತವಾರ ಬರ್ತಾಳ. ಆಯಿ ಯಾರ ಕೈನೂ ಹಿಡೀಲಾರ್ದ ತಾನ ಒಳಗ ಹೋಗಬೇಕು, ಬಗ್ಗಲಾರ್ದ ತತ್ತಿ ತಗೀಬೇಕು, ತಾನ ಹೊರಗ ಬರಬೇಕು. ಆತಂದ್ರ ಕೋಳಿ ಇರ್ತಾವ. ಆಗ್ಲಿಲ್ಲಂದ್ರ ಶಿರೂರು.

ಅವ್ವ ಬಸ್ ಹತ್ತಿ ಹ್ವಾದ ಮ್ಯಾಲ ಹಳೇ ಗೂಡಿನ ಮುಂದ ಸುತ್ತಗಿ ಹಿಡ್ಕೊಂಡು ಕುಂತ್ನಿ. ಗೂಡು ಮಾಡೂದಿರ್ಲಿ, ನಾ ಅಲ್ಲೀ ಮಟಾ ಒಂದು ಮೊಳಿ ನೆಟ್ಟಗ ಹೊಡದಾವಲ್ಲ. ಅವತ್ತ ಉಣ್ಣುಮುಂದ ಆಯಿ, "ರೊಟ್ಟಿ ಯಾಕ ಸೇರವಲ್ದು?" ಅಂದ್ಲು. "ಪ್ಲಾನ್ ನಡದೈತಿ," ಅಂದ್ನಿ. ಖರೆ ಅಂದ್ರ ಪ್ಲಾನ್ ಏನೂ ನಡದಿರ್ಲಿಲ್ಲ, ಅಂಜಿಕಿ ಅಷ್ಟ ನಡದಿತ್ತು.

ನೀವು ಎಲ್ಲಿ ಬೇಕಾದ್ರೂ ನೋಡ್ರಿ, ಕೋಳಿ ಗೂಡು ಕಟ್ಟೂ ಮಂದಿ ಕೋಳೀದಷ್ಟ ವಿಚಾರ ಮಾಡ್ತಾರ. ಕಸಾ ಹೊಡ್ಯಾವ ಯಾರು, ನೀರ ಇಡಾವ ಯಾರು, ಅವನ ಸೊಂಟಾ ಎಲ್ಲಿರ್ತೈತಿ, ಕೇಳಾವಿಲ್ಲ. ಒಂಬತ್ತನೇತ್ತಾ ಇದ್ದಾಗ ಸಾಲಿಯವ್ರು ನಮ್ಮನ್ನ ಬಾದಾಮಿ ಗುಹಾ ನೋಡಾಕ ಕರ್ಕೊಂಡ ಹೋಗಿದ್ರು. ಉಳದವ್ರು ಮಂಗ್ಯಾಗೋಳ ಕೂಡ ಜಗಳಾಡಿದ್ರು. ನಾ ಮಾತ್ರ ಒಂದು ಮಾತು ಹಿಡ್ಕೊಂಡ ಬಂದಿದ್ನಿ: ಗುಡ್ಡಾ ಕೊರದವ್ರು ದೇವರಿಗೆ ಮನಿ ಮಾಡಿದ್ರೂ ಮನುಷ್ಯಾ ನೆಟ್ಟಗ ನಿಂತ ಒಳಗ ಹೋಗೂ ಹಂಗ ಮಾಡ್ಯಾರ. (ಖರೆ ಹೇಳ್ಬೇಕಂದ್ರ ಅವತ್ತ ನನ್ನ ಕೈಯಾಗಿನ ಬಾಳಿಹಣ್ಣೂ ಮಂಗ್ಯಾ ಕಸ್ಗೊಂಡು ಹೋಗಿತ್ತು. ಈ ಮಾತು ಆಮ್ಯಾಲ ಹೊಳೀತು.)

ಎರಡನೇ ದಿನ ನನಗ ಬಂಗಾರದಂಥಾ ವಿಚಾರ ಬಂತು, ಅದೂ ಬಿದ್ದು. ಹಿತ್ತಲದಾಗ ಆಯಿ ಮಗ್ಗದ ಖೋಲಿ ಐತಿ. ಮ್ಯಾಲ ತಗಡು, ಒಳಗ ನೆಲದಾಗ ಒಂದು ತಗ್ಗು. ನಮ್ಮ ಕಡೆ ಮಗ್ಗಕ್ಕ ಹಿಂಗ ನೆಲಾ ತೋಡಿರ್ತಾರ, ನೇಯೂವ್ರು ತಗ್ಗಿನ ದಂಡಿಗೆ ಕುಂತು ಕಾಲು ಕೆಳಗ ಬಿಟ್ಟು ನೇಯ್ತಾರ. ಕಟಗಿ ಹುಡಕಾಕ ಕತ್ತಲ್ಯಾಗ ಹ್ವಾದಾವ ದಢಾರನೆ ಅದ್ರಾಗ ಇಳದ್ನಿ. ಬಿದ್ದಲ್ಲೇ ದಂಡಿಗೆ ಕುಂತು ಮೊಣಕೈ ಉಜ್ಜಿಕೊಳ್ಳಾಕ ಹತ್ತಿದಾಗ ನೋಡ್ತೇನಿ, ನಾ ಖುರ್ಚಿ ಮ್ಯಾಲ ಕುಂತಂಗ ಕುಂತೇನಿ, ಎದರಿನ ನೆಲಾ ಊಟದ ಟೇಬಲ್ಲಿನಂಗ ಮುಂದ ಐತಿ. ಅಲ್ಲೇ ಕೋಳಿ ಇಟ್ರ? ಬಗ್ಗೂ ಮಾತ ಇಲ್ಲ. ಎಲ್ಲಾರೂ ಗೂಡು ಎತ್ತರಾ ಮಾಡಾಕ ಹೋಗ್ತಾರ. ನಾ ಮನುಷ್ಯಾನ್ನ ಕೆಳಗ ಇಳಿಸಿದ್ನಿ.

ಆಯಿಗೆ ಹೇಳಿದ್ರ ಸುಮ್ಮನ ನನ್ನ ನೋಡಿದ್ಲು. "ನನ್ನ ತಗ್ಗಿನ್ಯಾಗೇನೋ?" ಅಂದ್ಲು. ಬೈತಾಳಂತ ಮಾಡಿದ್ನಿ. "ಎರಡು ವರ್ಷ ಆತು ಅಲ್ಲೆ ಕುಂತು," ಅಂದು ಮತ್ತ ರೊಟ್ಟಿ ಬಡ್ಯಾಕ ಹತ್ತಿದ್ಲು.

ಮೂರು ದಿನ ದುಡದ್ನಿ ನೋಡ್ರಿ. ಗುಹಾ ಕೊರದವ್ರೂ ಅಷ್ಟ ದುಡದಿಲ್ಲ. ತಗ್ಗಿನ ಮೂರು ಕಡೆ ಹಲಗಿ ನಿಂದ್ರಿಸಿ ಜಾಳಗಿ ಬಡದು, ಎದರಿಗೆ ತತ್ತಿ ಇಡಾಕ ಹಣ್ಣಿನ ಡಬ್ಬಿ ಮೂರು ಸಾಲಾಗಿ ಇಟ್ನಿ. ನಾಕನೇ ಕಡೆ ಬಾಗಲಾ, ಆಯಿಕಿಂತ ಒಂದು ಗೇಣು ಎತ್ತರ. ತಗ್ಗಿನ್ಯಾಗ ಇಳ್ಯಾಕ ಎರಡು ಪಾವಟಗಿ ಬೇಕಿದ್ವು. ಇಟ್ಟಂಗಿ ಒಟ್ಟಿ ಮ್ಯಾಲ ಹಾಸಾಕ ಏನು? ಬ್ಯಾರೆ ಊರಾಗಾದ್ರ ಹಲಗಿ ಹಾಸ್ತಿದ್ರು. ಇಳಕಲ್‌ನ್ಯಾಗ ಗ್ರಾನೈಟ್ ಫ್ಯಾಕ್ಟರಿ ಹಿಂದ ಒಡದ ತುಕಡಿ ರಾಶಿ ಬಿದ್ದಿರ್ತಾವ, ಕೇಳಿದ್ರ ಒಯ್ಯೋ ಅಂತಾರ. ಕೆಂಪನ್ನವು, ಪಾಲಿಶ್ ಹೊಡದವು ಎರಡು ಆರಿಸಿ ತಂದ್ನಿ. ಮಾರಿ ಕಾಣ್ತಿತ್ತು ಅದ್ರಾಗ. ಅರಮನಿಗೂ ಅಂಥಾ ಪಾವಟಗಿ ಇರ್ಲಿಕ್ಕಿಲ್ಲ.

ಕೋಳಿ ಕುಂದ್ರಾಕ ಅಡ್ಡ ಕಟಗಿ ಒಂದು ಬೇಕಿತ್ತು. ಮೂಲ್ಯಾಗ ಗುಂಡಾನ, ನುಣ್ಣಗಿನ ಉದ್ದ ಕಟಗಿ ಸಿಕ್ಕಿತು. ನಡುವ ಕೊಯ್ದು ಎರಡು ಮಾಡಿ ಮ್ಯಾಲ ಬಡದ್ನಿ. ಗರಗಸಾ ಹಿಡದು ಹೋಗೂದು ನೋಡಿದ್ರ ಬೆಣ್ಣಿ ಕೊಯ್ದಂಗಿತ್ತು. ಆಯಿ ಆಗ ಹೊರಗ ಕಟ್ಟಿ ಮ್ಯಾಲ ಓಣಿಯವ್ರ ಜೋಡಿ ಕುಂತಿದ್ಲು. ಈ ಕಟಗಿ ನೆನಪಿಟ್ಟಿರ್ರಿ.

ದಿನಾ ಸಂಜೀಕ ಆಯಿ ಫೋನಿಗೆ ಅವ್ವನ ಕಾಲ್ ಬರ್ತಿತ್ತು. "ಎಲ್ಲಿಗೆ ಬಂತು?" "ಮುಗೀಲಿಕ್ಕೆ ಬಂತವ್ವಾ." "ಆಯಿ ಬಗ್ಗಂಗಿಲ್ಲಲ್ಲ?" "ಬಗ್ಗಬೇಕಂದ್ರೂ ಬರಂಗಿಲ್ಲವ್ವಾ." ಫೋನ್ ಇಟ್ಟ ಮ್ಯಾಲ ಹೋಗಿ ಮತ್ತೊಮ್ಮೆ ಪಾವಟಗಿ ಅಲ್ಲಾಡಿಸಿ ನೋಡ್ತಿದ್ನಿ. ಯಾಕಂದ್ರ ಪಾವಟಗಿಗೆ ಸಿಮೆಂಟ್ ಹಾಕಿರ್ಲಿಲ್ಲ. ಐತವಾರ ಮುಗೀಲಿ, ಆಮ್ಯಾಲ ಹಾಕಿದ್ರಾತು ಅಂತ ಬಿಟ್ಟಿದ್ನಿ. ಮಲಗಿದ್ರ ಕಣ್ಣ ಮುಂದ ಆ ಇಟ್ಟಂಗಿನ ಬರ್ತಿದ್ವು.

ಶನಿವಾರ ಮಧ್ಯಾಹ್ನ ಆಯಿ, "ನಾಳೆ ಅಕಿ ಮುಂದ ತಪ್ಪೂದು ಬ್ಯಾಡ, ಇವತ್ತ ಒಮ್ಮೆ ನೋಡೂಣು ಬಾ," ಅಂದ್ಲು. ಕೋಳಿ ಮೂರೂ ಒಳಗಿದ್ವು. ಒಂದು ಕೆಂದು, ಒಂದು ಕರಿದು, ಒಂದ್ರ ಕುತ್ತಿಗಿ ಹುಟ್ಟಾ ಬೋಳ. ಆಯಿ ಬಾಗಲಾ ದಾಟಿ ನೆಟ್ಟಗ, ಮಹಾರಾಣಿ ಹಂಗ ಒಳಗ ಹ್ವಾದ್ಲು. ಮೊದಲನೇ ಪಾವಟಗಿ ಇಳದ್ಲು. ಎರಡನೇದ್ರ ಮ್ಯಾಲ ಕಾಲಿಟ್ಟಳು. ಅಲ್ಲೆ ಕೋಳಿ ತನ್ನ ಕೆಲಸಾ ಮಾಡಿತ್ತು.

ಪಾಲಿಶ್ ಕಲ್ಲಿನ ಮ್ಯಾಲ ಕೋಳಿ ಹಿಕ್ಕಿ. ಕಲ್ಲು ಜರಕ್ ಅಂತು, ಎರಡೂ ಪಾವಟಗಿ ಇಟ್ಟಂಗಿ ಹೊಳ್ಳಿದ್ವು, ಆಯಿ ಹಿಂದಕ ವಾಲಿದ್ಲು. ನಾ ಹಿಡ್ಯಾಕ ಕೈ ಚಾಚಿದ್ನಿ. ಅಷ್ಟ್ರಾಗ ಆಯಿ ಎರಡೂ ಕೈ ಹಿಂದ ಊರಿ, ತಗ್ಗಿನ ದಂಡಿಗೆ ಮೆತ್ತಗ ಕುಂತಿದ್ಲು, ಕಾಲು ನೆಟ್ಟಗ ಕೆಳಗ. ನಲವತ್ತು ವರ್ಷ ಕುಂತ ಜಾಗಾ, ಮೈಗೆ ಗೊತ್ತಿತ್ತು.

"ಆಯೀ, ಬ್ಯಾನಿ ಆತೇನು?"

"ಏನಿಲ್ಲ ಬಿಡು," ಅಂದು ಸೆರಗು ಸರಿ ಮಾಡ್ಕೊಂಡ್ಲು. ಎದರಿನ ಡಬ್ಬ್ಯಾಗ ಕೈ ಹಾಕಿದ್ಲು. ಬಗ್ಗಲಿಲ್ಲ. ಬೆಚ್ಚಗಿನ ತತ್ತಿ ಸೆರಗಿನ್ಯಾಗ ಬಂತು. ಬೋಳ ಕುತ್ತಿಗೀದು ಬಂದು ತೊಡಿ ಮ್ಯಾಲ ಕುಂತಿತು. ಆಯಿ ಬಲಗೈ ಗಾಳ್ಯಾಗ ಮ್ಯಾಲೆತ್ತಿ ಎಳದ್ಲು, ಎಡಗೈ ಮುಂದ ದೂಡಿದ್ಲು. ಮಗ್ಗಾ ಇರ್ಲಿಲ್ಲ, ಕೈ ಅಷ್ಟ ನೇಯ್ತಿದ್ವು. "ನನ್ನ ಜಾಗಾ," ಅಂದ್ಲು.

ನೀವು ನನ್ನ ಜಾಗಾದಾಗ ಇದ್ರ ಏನ್ ಮಾಡ್ತಿದ್ರಿ? ಮೊದ್ಲ ಪಾವಟಗಿ ಸರಿ ಮಾಡ್ತಿದ್ರಿ. ನಾ ಆಯಿ ಫೋನ್ ತಗೊಂಡು ವಿಡಿಯೋ ಮಾಡಿದ್ನಿ. "ಜಗತ್ತಿನ್ಯಾಗ ಮೊದಲನೇ ಸಲ, ಮನುಷ್ಯಾ ನಿಂತ ಹೋಗಿ ಕುಂತ ತತ್ತಿ ತಗ್ಯೂ ಕೋಳಿ ಗೂಡು" ಅಂತ ಬರದು ಆಯಿ ಸ್ಟೇಟಸ್‌ಗೆ ಹಾಕಿದ್ನಿ. ನನ್ನ ಫೋನಾಗಿದ್ರ ಅವ್ವಗ ಕಾಣಲಾರ್ದಂಗ ಇಡ್ತಿದ್ನಿ, ಅದು ನನಗ ರೂಢಿ. ಇದು ಆಯಿ ಫೋನು. ಅದ್ರಾಗ ಇದ್ದ ನಂಬರ ಎಂಟೋ ಒಂಬತ್ತೋ, ಮೊದಲನೇದ ಅವ್ವಂದು.

ಎರಡು ನಿಮಿಷ ಆಗಿರ್ಲಿಲ್ಲ, ಟಿಣ್ ಅಂತು. ಅವ್ವ ಎರಡ ಶಬ್ದ ಬರದಿದ್ಲು.

"ಹುನಗುಂದ ಬಿಟ್ಟೇನಿ."

ನಾಳೆ ಬರಬೇಕಾದಾಕಿ, ಹೋದ ಸಲದಂಗ ಹೇಳಲಾರ್ದ, ಇವತ್ತ ಬಸ್ಸಿನ್ಯಾಗ ಇದ್ಲು. ಹುನಗುಂದ ಬಿಟ್ರ ಇಳಕಲ್ ಎಷ್ಟ ದೂರ? ಬಸ್ಸಿನ ಡ್ರೈವರ್ ಚಾ ಕುಡ್ಯಾಕ ನಿಂತ್ರೂ ಅರ್ಧಾ ತಾಸು.

"ಆಯೀ, ಏಳು. ಅವ್ವ ಬರಾಕ ಹತ್ತ್ಯಾಳ."

ಆಯಿ ನಿಂತಳು. ನಿಲ್ಲೂದು ಸಲೀಸಾತು. ಮ್ಯಾಲ ಬರಾಕ ಕಾಲೆತ್ತಿದ್ಲು, ಅರ್ಧಾಕ್ಕ ಬಿಟ್ಟಳು. ಪಾವಟಗಿ ಇರ್ಲಿಲ್ಲ. ಇಟ್ಟಂಗಿ ಎರಡು ಹೋಳಾಗಿದ್ವು. ಉಳದಿದ್ದು ಒಟ್ಟಿ ಅದ ಕಲ್ಲು ಇಟ್ಟು, "ಕಾಲಿಡು ಆಯೀ" ಅಂದ್ನಿ.

"ಒಮ್ಮೆ ಜಾರಿದ ಕಲ್ಲಿನ ಮ್ಯಾಲ ಎರಡನೇ ಸಲ ಕಾಲಿಡಾಕಿ ನಾ ಅಲ್ಲ."

ರಟ್ಟಿ ಹಿಡದು ಎಳದ್ನಿ. "ತೋಳಷ್ಟ ನಿನ್ನ ಕೈಯಾಗ ಬರ್ತೈತಿ, ನಾ ಇಲ್ಲೇ ಉಳೀತೇನಿ," ಅಂದ್ಲು. ಬಕೀಟ ಬೋರಲ ಹಾಕಿದ್ನಿ. ಆಯಿ ಕಾಲಿಟ್ಟ ಕೂಡ್ಲೆ ಅದು ಚಟ್ ಅಂತು, ಕಾಲು ಹಿಂದಕ ತಗೊಂಡ್ಲು. ನಾನ ಒಳಗ ಇಳದು ಎತ್ತೂಣಂದ್ರ ತಗ್ಗು ಒಬ್ಬಾಕಿ ಸೊಂಟದ ಅಗಲದ್ದು, ಇಬ್ಬರಿಗೆ ಜಾಗಾ ಇಲ್ಲ. ಬಾಜೂದವ್ರನ್ನ ಕರೀತೇನಂದ್ರ ಕೈ ಅಡ್ಡ ತಂದ್ಲು. "ಓಣಿಗೆ ಗೊತ್ತಾದ್ರ ನಿಮ್ಮವ್ವ ಬಸ್ ಇಳ್ಯೂದ್ರಾಗ ಅಕಿಗೆ ಮುಟ್ಟಿಸ್ತಾರ. ಕೋಳಿ ಹ್ವಾದ್ವಂತ ತಿಳಿ."

"ಮತ್ತೇನ್ ಮಾಡ್ಲಿ ಆಯೀ?"

"ಅದನ್ನ ತಗ್ಗಿಗೆ ಇಳ್ಸೂಕಿಂತ ಮೊದ್ಲ ಕೇಳಬೇಕಿತ್ತು."

ಒಳಗಿಂದ ಜ್ವಾಳದ ಚೀಲ ಎಳಕೊಂಡ ಬಂದು ತಗ್ಗಿಗೆ ಹಾಕಿದ್ನಿ, ಅದನ್ನ ಪಾವಟಗಿ ಮಾಡೂಣಂತ. ಎಳದು ತರುಮುಂದ ಜಾಳಗಿ ಮೊಳಿಗೆ ಸಿಕ್ಕಿ ಅದು ಹರದಿದ್ದು ನಾ ನೋಡಿರ್ಲಿಲ್ಲ. ಆಯಿ ಕಾಲಿಟ್ಟಳು, ಚೀಲ ಕುಸೀತು, ಜ್ವಾಳ ಸುರ್ ಅಂತ ಸುರುವಿದ್ವು. ಮೂರೂ ಕೋಳಿ ತಗ್ಗಿಗೆ ಹಾರಿದ್ವು. ಈಗ ಆಯಿ ಕಾಲು ಮೀನಖಂಡದ ಮಟಾ ಜ್ವಾಳದಾಗ, ಕಾಲಿನ ಸುತ್ತ ಕೋಳಿ ಕಟ ಕಟ ಕುಟ್ಟಾಕ ಹತ್ತಿದ್ವು. ಆಯಿ ಮತ್ತ ದಂಡಿಗೆ ಕುಂತಳು. ನಗ್ತಾಳಂತ ತಿಳದಿದ್ನಿ. ನಗ್ಲಿಲ್ಲ. ಹಣಿ ಮ್ಯಾಲ ಬೆವರು ಬಂದಿತ್ತು, ಸ್ಟೀಲಿನ ಕಾಲಿನ ಮ್ಯಾಲ ಕೈ ಇಟ್ಗೊಂಡಿದ್ಲು.

"ಬ್ಯಾನಿ ಐತೇನು?"

"ಸ್ವಲ್ಪ."

ಆ ಸ್ವಲ್ಪ ಅನ್ನೂ ಮಾತು ಕೇಳಿ ನನಗ ಕೋಳಿ, ಶಿರೂರು, ಸ್ಟೇಟಸ್ ಎಲ್ಲಾ ಮರತ್ವು. ತುಳಸಿಗೇರಿ ಹನಮಪ್ಪಗ ಕಾಯಿ ಒಡಸ್ತೇನಿ ಅಂತ ಬೇಡ್ಕೊಂಡ್ನಿ. ಒಂದಲ್ಲ, ಐದು. ಆಮ್ಯಾಲ ಹನ್ನೊಂದಕ್ಕ ಏರಿಸಿದ್ನಿ.

"ಆಯೀ, ಮೊದ್ಲ ನೀ ಹೆಂಗ ಏಳ್ತಿದ್ದಿ? ಮಗ್ಗಾ ಇದ್ದಾಗ?"

"ಮುಂದ ದಿಂಡು ಇರ್ತಿತ್ತಲ್ಲೋ. ನೇದ ಸೀರಿ ಸುತ್ಗೊಳ್ಳೂ ಗುಂಡಾನ ಕಟಗಿ. ಎರಡೂ ಕೈಲೆ ಅದನ್ನ ಹಿಡದು ಮೈ ಭಾರಾ ಅದ್ರ ಮ್ಯಾಲ ಹಾಕಿ ಏಳೂದು. ಕಾಲಿಗೆ ಗೊತ್ತ ಆಗ್ತಿರ್ಲಿಲ್ಲ. ಆ ಮೂಲ್ಯಾಗ ಇಟ್ಟೇನಿ ನೋಡು, ತಗೊಂಡ ಬಾ, ಅಡ್ಡ ಕಟ್ಟು."

ನಾ ಮೂಲಿ ಕಡೆ ನೋಡ್ಲಿಲ್ಲ. ಮ್ಯಾಲ ನೋಡಿದ್ನಿ. ಆಯಿನೂ ನನ್ನ ಕಣ್ಣಿನ ಹಿಂದ ಮ್ಯಾಲ ನೋಡಿದ್ಲು. ಕೋಳಿ ಕುಂದ್ರೂ ಅಡ್ಡ ಕಟಗಿ ಎರಡು, ಒಂದಕ್ಕೊಂದು ಜೋಡಿ. ಕೊಯ್ದಲ್ಲಿ ಇನ್ನಾ ಬೆಳ್ಳಗಿತ್ತು.

ಆಯಿ ಕೈ ಎತ್ತಿ ಒಂದು ತುಂಡು ಮುಟ್ಟಿದ್ಲು. ನಲವತ್ತು ವರ್ಷ ಅಕಿ ಕೈ ತಾಗಿನ ಅದು ಅಷ್ಟ ನುಣ್ಣಗಾಗಿತ್ತು, ನಾ ಬೆಣ್ಣಿ ಹಂಗ ಐತಿ ಅಂತ ಕೊಯ್ದಿದ್ನಿ.

"ಗಟ್ಟಿ ಬಡದೀಯೇನು?" ಅಂತ ಕೇಳಿದ್ಲು. ಅಷ್ಟ.

"ಕೋಳಿ ಭಾರಕ್ಕ ತಡೀತೈತಿ ಆಯೀ."

"ನಾ ಕೋಳಿಕಿಂತ ಸ್ವಲ್ಪ ಜಾಸ್ತಿ ಅದೇನಿ."

ಒಂದು ತುಂಡರ ಕಿತ್ತು ತಗ್ಗಿನ ಮುಂದ ಗಟ್ಟಿ ನಿಂದ್ರಸೂಣಂತ ಸುತ್ತಗಿ ತಗೊಂಡ್ನಿ. ಮೊದಲನೇ ಪೆಟ್ಟು ಹಲಗಿಗೆ ಬಿತ್ತು. ಎರಡನೇದು ಹೆಬ್ಬೆರಳಿಗೆ. ಮೂರನೇದು ಎತ್ತಿದಾಗ ಹೊರಗ ಆಟೋ ನಿಂತ ಸಪ್ಪಳ ಆತು, ತಲಬಾಗಲಾ ತಗದಂಗಾತು, ಪಡಸಾಲ್ಯಾಗ ಚಪ್ಪಲಿ ಬಿಟ್ಟ ಸಪ್ಪಳ. ಅವ್ವ ಎಂಥಾ ಅವಸರದಾಗ ಇದ್ರೂ ಚಪ್ಪಲಿ ಜೋಡಿಸಿ ಬಿಡ್ತಾಳ. ಅವತ್ತ ಒಂದೊಂದು ಒಂದೊಂದು ಕಡೆ ಬಿದ್ದ ಸಪ್ಪಳ ಬಂತು.

ಮಗ್ಗದ ಖೋಲಿ ಬಾಗಲದಾಗ ನಿಂತಳು. ಹೆಗಲಿಗೆ ಡ್ಯೂಟಿ ಬ್ಯಾಗ್. ಜ್ವಾಳ ನೋಡಿದ್ಲು, ಒಡದ ಇಟ್ಟಂಗಿ ನೋಡಿದ್ಲು, ನನ್ನ ಕೈಯಾಗಿನ ಸುತ್ತಗಿ ನೋಡಿದ್ಲು. ಕಡೀಕ ತಾಯಿ ಮೊಣಕಾಲು, ಅದ್ರ ಮ್ಯಾಲ ಇದ್ದ ಕೈ.

"ಎಷ್ಟೊತ್ತಾತು ಯವ್ವಾ ಇಲ್ಲಿ ಕುಂತು?"

"ಈಗ ಕುಂತೇನಿ," ಅಂದ್ಲು ಆಯಿ. ಸೆರಗಿನ್ಯಾಗಿನ ತತ್ತಿ ತಗದು ತೋರಿಸಿದ್ಲು. "ಬಗ್ಗಿಲ್ಲ. ಬೇಕಂದ್ರ ಇವನ್ನ ಕೇಳು."

ಅವ್ವ ಜಾಳಗಿ ಬಾಗಲಾ ದಾಟಿ ಒಳಗ ಬಂದು, ಆಯಿ ಬೆನ್ನ ಹಿಂದ ನೆಲಕ್ಕ ಮೊಣಕಾಲೂರಿ ಕುಂತಳು. "ಬಸ್ಸಿನ್ಯಾಗಿಂದನ ಗೋವಾಕ್ಕ ಹ್ವಾದ ನಿನ್ನ ಬಾಜೂ ಮನಿಯಾಕಿಗೆ ಫೋನ್ ಮಾಡಿ ಮಾತಾಡೇನಿ," ಅಂದ್ಲು. "ಕೆರೂರಾಗ ಅಕಿ ತಂಗಿ ಅದಾಳಂತ. ನಾಳೆ ಮುಂಜಾನೆ ಬಂದು ಒಯ್ತಾಳ. ತಿನ್ನಂಗಿಲ್ಲ, ಪಂಚಮೀ ಮಟಾ ಇಟ್ಗೊತಾರ. ನಿನ್ನ ಮಾತು ಉಳೀತು."

ಆಯಿ ತೊಡಿ ಮ್ಯಾಲಿನ ಬೋಳ ಕುತ್ತಿಗೀ ಕೋಳಿ ಬೆನ್ನ ಸವರಿದ್ಲು. "ಚಲೋ ಆತು," ಅಂದ್ಲು.

ಅವ್ವ ಆಯಿ ಬಗಲಾಗ ಎರಡೂ ಕೈ ಹಾಕಿದ್ಲು. ಅವ್ವ ಸಣ್ಣಾಕಿದ್ದಾಗ, ಆಯಿ ದಿಂಡು ಹಿಡದು ಏಳುಮುಂದ, ದಿನಾ ಹಿಂಗ ಹಿಂದಿಂದ ಕೈ ಕೊಡ್ತಿದ್ಲಂತ, ನನಗ ಅವತ್ತ ಗೊತ್ತಾತು. "ಏಳು," ಅಂದ್ಲು.

"ಇನ್ನೊಂದೀಟು ಕುಂದ್ರತೇನಿ," ಅಂದ್ಲು ಆಯಿ. ಅರ್ಧಾ ತಾಸಿನಿಂದ ಏಳಾಕ ಒದ್ದಾಡಿದಾಕಿ.

ಅವ್ವ ಕೈ ಹಿಂದಕ ತಗೀಲಿಲ್ಲ. ತಾಯಿ ಹೆಗಲಿನ ಮ್ಯಾಲಿಂದ ನನ್ನ ನೋಡಿ ಹೇಳಿದ್ಲು:

"ಸುತ್ತಗಿ ಕೆಳಗಿಡು. ಆ ಸ್ಟೇಟಸ್ ತಗಿ. ಆಮ್ಯಾಲ ಕೋಳಿ ಬುಟ್ಟಿ ತಗೊಂಡ ಬಾ."